ಉಪನಗರದ ಸರ್ಕಾರಿ ಶಿಶುವಿಹಾರಗಳಲ್ಲಿ ಯಾವುದನ್ನು ಆರಿಸಬೇಕು?

ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆ, ನಗರದ ಹೊರವಲಯದ ಬಡಾವಣೆಗಳಲ್ಲಿ ನೆಲೆಸಿರುವ ಹಲವು ತಂದೆತಾಯಿಯರು ಒಂದೇ ಬಗೆಯ ಇಕ್ಕಟ್ಟನ್ನು ಹೇಳಿಕೊಳ್ಳುತ್ತಾರೆ. ಸರ್ಕಾರವೋ ಸ್ಥಳೀಯ ಆಡಳಿತವೋ ನಡೆಸುವ ಶಿಶುವಿಹಾರಕ್ಕೇ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಆದರೆ ಹೋಗಿಬರಬಹುದಾದ ದೂರದಲ್ಲಿ ಅಂಥವು ಮೂರೋ ನಾಲ್ಕೋ ಇವೆ. ಒಂದು ಅರ್ಧ ದಿನದ್ದು, ಇನ್ನೊಂದು ಇಡೀ ದಿನದ್ದು. ಒಂದು ದೊಡ್ಡ ಶಾಲೆಯ ಆವರಣದೊಳಗಿದೆ, ಇನ್ನೊಂದು ಪುಟ್ಟ ಕಟ್ಟಡದಲ್ಲಿ ಪ್ರತ್ಯೇಕವಾಗಿ ನಡೆಯುತ್ತಿದೆ. ಒಂದಕ್ಕೆ ಒಳ್ಳೆಯ ಹೆಸರಿದೆ, ಇನ್ನೊಂದು ಮನೆಗೆ ಹತ್ತಿರ. ಇವುಗಳಲ್ಲಿ ಒಳ್ಳೆಯದು ಯಾವುದು ಎಂದು ಅವರು ಕೇಳುತ್ತಾರೆ.

ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೇ ಆಡಳಿತದ, ಒಂದೇ ಪಠ್ಯಕ್ರಮದ ಎರಡು ಶಿಶುವಿಹಾರಗಳ ನಡುವೆ ಕಾಣುವಷ್ಟೇ ಅಂತರ ಒಂದೇ ಕಟ್ಟಡದ ಎರಡು ಕೊಠಡಿಗಳ ನಡುವೆಯೂ ಇರಬಹುದು. ಹೆಸರನ್ನು ಬದಿಗಿಟ್ಟು ಎರಡು ಸಂಗತಿಗಳನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಆ ಕೊಠಡಿಯಲ್ಲಿ ದೊಡ್ಡವರೊಬ್ಬರು ನಿಮ್ಮ ಮಗುವಿನೊಡನೆ ದಿನವೂ ಗಮನವಿಟ್ಟು ಮಾತಾಡುತ್ತಾರೆಯೇ ಎಂಬುದು ಒಂದು. ಅಲ್ಲಿನ ವೇಳಾಪಟ್ಟಿ ನಿಮ್ಮ ಮನೆಯ ದಿನಚರಿಗೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಮಿಕ್ಕ ಮಾನದಂಡಗಳಿಗೆ ಬೆಲೆಯಿದೆ, ಆದರೆ ಇವೆರಡರ ನಂತರ.

ಮೊದಲು ಮಾನದಂಡಗಳು

ಮಾತಿನಿಂದಲೇ ಆರಂಭಿಸೋಣ. ಇಂಗ್ಲೆಂಡಿನಲ್ಲಿ 1997ರಲ್ಲಿ ಶುರುವಾಗಿ, ಬೇರೆಬೇರೆ ಬಗೆಯ 141 ಶಿಶುವಿಹಾರಗಳ ಸುಮಾರು 3,000 ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಮಕ್ಕಳು ಚೆನ್ನಾಗಿ ಕಲಿತ ಕಡೆಗಳಲ್ಲಿ ಅದು ಕಂಡ ಲಕ್ಷಣಗಳಲ್ಲಿ ಮುಖ್ಯವಾದದ್ದು, ಮಗುವೂ ಶಿಕ್ಷಕಿಯೂ ಒಂದೇ ವಿಷಯವನ್ನು ಹಿಡಿದು, ಕೂಡಿ ಯೋಚಿಸುತ್ತ, ಮಾತನ್ನು ಹಲವು ಸುತ್ತು ಮುಂದುವರಿಸುವ ಕ್ರಮ. ಮರದ ತುಂಡುಗಳನ್ನು ಜೋಡಿಸಿ ಕಟ್ಟಿದ ಗೋಪುರ ಬಿದ್ದಾಗ "ಎಲ್ಲ ಎತ್ತಿಡು" ಎನ್ನುವ ಶಿಕ್ಷಕಿ ಕೊಠಡಿಯನ್ನು ಅಚ್ಚುಕಟ್ಟಾಗಿ ಇಡುತ್ತಾಳೆ. "ಯಾಕೆ ಬಿತ್ತು ಅನ್ನಿಸುತ್ತೆ? ದೊಡ್ಡದನ್ನು ಕೆಳಗಿಟ್ಟಿದ್ದರೆ?" ಎಂದು ಕೇಳಿ, ಮಗು ತಡವರಿಸುತ್ತ ಉತ್ತರ ಹುಡುಕುವವರೆಗೂ ಕಾಯುವ ಶಿಕ್ಷಕಿ ಮಗುವಿನ ಬುದ್ಧಿಗೂ ಭಾಷೆಗೂ ಒಟ್ಟಿಗೆ ಕೆಲಸ ಕೊಡುತ್ತಾಳೆ. ಗೋಡೆಯ ಮೇಲಿನ ಅಕ್ಷರಮಾಲೆಯಾಗಲಿ ಹೊಸ ಆಟಿಕೆಗಳಾಗಲಿ ಈ ಕೆಲಸವನ್ನು ಮಾಡಲಾರವು.

ಎರಡನೆಯದು ಮಕ್ಕಳ ಮತ್ತು ದೊಡ್ಡವರ ಸಂಖ್ಯೆ. ಮೂರರಿಂದ ಐದು ವರ್ಷದ ಮಕ್ಕಳ ಕೊಠಡಿಗೆ ಒಬ್ಬೊಬ್ಬರು ಒಂದೊಂದು ಮಿತಿಯನ್ನು ಹಾಕಿಕೊಂಡಿದ್ದಾರೆ. ಫಿನ್ಲೆಂಡಿನಲ್ಲಿ ಇಡೀ ದಿನ ಇರುವ ಏಳು ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು. ಇಂಗ್ಲೆಂಡಿನಲ್ಲಿ ಎಂಟು ಮಕ್ಕಳಿಗೆ ಒಬ್ಬರು, ಅರ್ಹ ಶಿಕ್ಷಕರೇ ಕೊಠಡಿಯಲ್ಲಿದ್ದರೆ ಹದಿಮೂರು ಮಕ್ಕಳಿಗೆ ಒಬ್ಬರು. ಅಮೆರಿಕದ ವೃತ್ತಿಪರ ಮಾನದಂಡದಲ್ಲಿ ನಾಲ್ಕು ವರ್ಷದ ಹತ್ತು ಮಕ್ಕಳಿಗೆ ಒಬ್ಬರು, ಒಂದು ಗುಂಪಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿರಬಾರದು. ಇಂಗ್ಲೆಂಡಿನ ನಿಯಮ ಒಂದು ಸೂಕ್ಷ್ಮವನ್ನು ತಿಳಿಸುತ್ತದೆ: ಸಂಖ್ಯೆಯ ಜೊತೆಗೆ ಆ ದೊಡ್ಡವರ ತರಬೇತಿಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಕಾಗದದ ಮೇಲಿನ ಅನುಪಾತವನ್ನೇ ನಂಬಬೇಡಿ. ಸಹಾಯಕಿಯನ್ನು ದಿನದ ಅರ್ಧ ಹೊತ್ತು ಕಚೇರಿ ಕೆಲಸಕ್ಕೋ ಅಡುಗೆಮನೆಗೋ ಕರೆದುಕೊಳ್ಳುತ್ತಿದ್ದರೆ ಆ ಅನುಪಾತ ಅರ್ಧ ಹೊತ್ತು ಮಾತ್ರ ನಿಜ. "ಬೆಳಗ್ಗೆ ಹನ್ನೊಂದಕ್ಕೆ ಈ ಕೊಠಡಿಯಲ್ಲಿ ಎಷ್ಟು ಜನ ದೊಡ್ಡವರಿರುತ್ತಾರೆ?" ಎಂದು ಗಂಟೆಯನ್ನು ಹೆಸರಿಸಿ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಶಿಕ್ಷಕರು ಅಲ್ಲಿ ಎಷ್ಟು ವರ್ಷ ಉಳಿಯುತ್ತಾರೆ ಎಂಬುದನ್ನು ಪೋಷಕರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ನಾನು ಅದಕ್ಕೆ ಬಹಳ ತೂಕ ಕೊಡುತ್ತೇನೆ. ಮೂರು ವರ್ಷದ ಮಗುವಿಗೆ ಶಿಶುವಿಹಾರ ಎಂದರೆ ಒಬ್ಬ ವ್ಯಕ್ತಿ. ಆ ವ್ಯಕ್ತಿ ವರ್ಷದ ನಡುವೆ ಹೊರಟುಹೋದರೆ ಮಗುವಿನ ಪಾಲಿಗೆ ಅದು ಹೊಸ ಶಿಶುವಿಹಾರವೇ. ಕಳೆದ ಎರಡು ವರ್ಷಗಳಲ್ಲಿ ಈ ಕೊಠಡಿಗೆ ಎಷ್ಟು ಶಿಕ್ಷಕರು ಬಂದುಹೋದರು ಎಂಬ ಒಂದು ಪ್ರಶ್ನೆ, ಮುದ್ರಿತ ಕೈಪಿಡಿಯ ಹತ್ತು ಪುಟಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.

ಇನ್ನು ಸಮಯ ಮತ್ತು ದೂರ. ಉಪನಗರದ ಜೀವನದಲ್ಲಿ ಇದರ ಭಾರ ನಗರದೊಳಗಿನದಕ್ಕಿಂತ ಹೆಚ್ಚು, ಏಕೆಂದರೆ ಮನೆ ಒಂದು ದಿಕ್ಕಿನಲ್ಲಿ, ಕೆಲಸ ಇನ್ನೊಂದು ದಿಕ್ಕಿನಲ್ಲಿ ಇರುತ್ತದೆ. ನಕ್ಷೆ ತೋರಿಸುವ ದೂರಕ್ಕಿಂತ ಬೆಳಗಿನ ವಾಹನದಟ್ಟಣೆಯಲ್ಲಿ ಹಿಡಿಯುವ ನಿಮಿಷಗಳು ಮುಖ್ಯ. ಶಿಶುವಿಹಾರ ಮನೆಯ ಹತ್ತಿರವಿದ್ದರೆ ಅಜ್ಜಿಯೋ ನೆರೆಯವರೋ ಮಗುವನ್ನು ಕರೆತರಬಹುದು, ಮಗುವಿಗೆ ಪರಿಚಯವಾದ ಗೆಳೆಯರು ಬೀದಿಯಲ್ಲೇ ಸಿಗುತ್ತಾರೆ. ಕೆಲಸದ ಸ್ಥಳಕ್ಕೆ ಹತ್ತಿರವಿದ್ದರೆ, ಜ್ವರ ಬಂದಿದೆ ಎಂದು ಕರೆ ಬಂದಾಗ ಹತ್ತು ನಿಮಿಷದಲ್ಲಿ ತಲುಪಬಹುದು. ಆದರೆ ನೀವು ರಜೆ ಹಾಕಿದ ದಿನವೂ ಮಗುವಿಗಾಗಿ ಅಷ್ಟು ದೂರ ಹೋಗಬೇಕು, ಕೆಲಸ ಬದಲಾದರೆ ಎಲ್ಲವೂ ಬದಲಾಗುತ್ತದೆ. ಎರಡರಲ್ಲಿ ಒಂದೇ ಆರಿಸಬೇಕಾದರೆ ನಾನು ಮನೆಯ ಹತ್ತಿರದ್ದನ್ನೇ ಆರಿಸಿಯೇನು.

ವೆಚ್ಚದ ವಿಷಯದಲ್ಲಿ "ಉಚಿತ" ಎಂಬ ಪದವನ್ನು ಬಿಡಿಸಿ ನೋಡಬೇಕು. ಸರ್ಕಾರಿ ಶಿಶುವಿಹಾರದಲ್ಲಿ ಬೋಧನೆ ಉಚಿತವಾಗಿರಬಹುದು, ಅಥವಾ ಆದಾಯಕ್ಕೆ ತಕ್ಕ ಶುಲ್ಕವಿರಬಹುದು. ಆದರೆ ತರಗತಿ ಮುಗಿದ ನಂತರದ ಪಾಲನೆ, ವಾಹನ, ಊಟ, ಬೇಸಿಗೆ ರಜೆಯ ವಾರಗಳು, ಶಿಕ್ಷಕರ ತರಬೇತಿಗೆಂದು ಮುಚ್ಚುವ ದಿನಗಳು ಇವುಗಳ ಖರ್ಚು ಬೇರೆ. ಶಾಲಾ ವೇಳಾಪಟ್ಟಿಯನ್ನು ಅನುಸರಿಸುವ ಉಚಿತ ತರಗತಿಗೆ ಸೇರಿಸಿ, ಮಿಕ್ಕ ಹೊತ್ತಿಗೆ ಹಣ ಕೊಟ್ಟು ಪಾಲಕರನ್ನು ಇಟ್ಟುಕೊಂಡರೆ, ವರ್ಷದ ಕೊನೆಗೆ ಶುಲ್ಕವಿರುವ ಇಡೀ ದಿನದ ಕೇಂದ್ರಕ್ಕಿಂತ ಹೆಚ್ಚು ಖರ್ಚಾಗಿರುವುದು ಅಪರೂಪವೇನಲ್ಲ. ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಮುಚ್ಚಿರುವ ದಿನಗಳನ್ನೆಲ್ಲ ಗುರುತುಹಾಕಿ, ಆ ದಿನಗಳಲ್ಲಿ ಮಗು ಯಾರ ಬಳಿ ಇರುತ್ತದೆ ಎಂದು ಬರೆದಿಡುವುದು ಅರ್ಧ ಗಂಟೆಯ ಕೆಲಸ. ಅದನ್ನು ದಾಖಲಾತಿಗೆ ಮೊದಲೇ ಮಾಡಿ.

ಕೊನೆಯದಾಗಿ ಮಗು. ಇನ್ನೂ ಮಧ್ಯಾಹ್ನ ಮಲಗುವ ಮಗುವೇ, ಶೌಚದ ಅಭ್ಯಾಸ ಆಗಿದೆಯೇ, ಗದ್ದಲಕ್ಕೆ ಬೆದರುತ್ತದೆಯೇ, ಮನೆಮಾತು ಬೇರೆಯೇ, ಹುಟ್ಟಿದ ತಿಂಗಳು ಯಾವುದು? ತಿಂಗಳ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಪ್ರವೇಶದ ಗಡುವಿಗೆ ಸ್ವಲ್ಪ ಮೊದಲು ಹುಟ್ಟಿದ ಮಗು ತರಗತಿಯ ಅತಿ ಕಿರಿಯ ಮಗುವಾಗುತ್ತದೆ. ತರಗತಿಯ ಕಿರಿಯ ಮಕ್ಕಳಲ್ಲಿಯೇ ಗಮನದ ಕೊರತೆ, ಅತಿಚಟುವಟಿಕೆ ಎಂಬ ರೋಗನಿರ್ಣಯ ಹೆಚ್ಚಾಗಿ ಆಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ವಯಸ್ಸಿಗೆ ಸಹಜವಾದ ಚಡಪಡಿಕೆಯೇ ದೋಷವಾಗಿ ಕಂಡಿರುವ ಸಾಧ್ಯತೆ ಅಲ್ಲಿದೆ.

ಆಯ್ಕೆಗಳ ತೂಕ

ಉಪನಗರಗಳಲ್ಲಿ ಸಾಮಾನ್ಯವಾಗಿ ಕಾಣುವ ಸರ್ಕಾರಿ ಶಿಶುವಿಹಾರಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಪ್ರಾಥಮಿಕ ಶಾಲೆಯೊಳಗಿನ ಪೂರ್ವ ಪ್ರಾಥಮಿಕ ತರಗತಿ, ಪುಟ್ಟ ಮಕ್ಕಳಿಗೆಂದೇ ಇರುವ ಪ್ರತ್ಯೇಕ ಕೇಂದ್ರ, ಊಟ ಮತ್ತು ಆರೋಗ್ಯ ಸೇವೆಗಳನ್ನೂ ಒಳಗೊಂಡ ಸಮಗ್ರ ಕಾರ್ಯಕ್ರಮ, ವಿಶೇಷ ಅಗತ್ಯವುಳ್ಳ ಮಕ್ಕಳು ಮತ್ತು ಇತರ ಮಕ್ಕಳು ಕೂಡಿ ಕಲಿಯುವ ತರಗತಿ.

ಶಾಲೆಯೊಳಗಿನ ತರಗತಿಯ ದೊಡ್ಡ ಅನುಕೂಲ ಮುಂದಿನ ದಾರಿ. ಮಗು ಒಂದನೇ ತರಗತಿಗೆ ಹೋಗುವಾಗ ಅದೇ ಗೇಟು, ಅದೇ ಆಟದ ಮೈದಾನ, ಅರ್ಧಕ್ಕರ್ಧ ಅದೇ ಗೆಳೆಯರು. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಬೆಳಗಿನ ಓಟ ಒಂದೇ. ಶಿಕ್ಷಕರಿಗೆ ಶಾಲಾ ಶಿಕ್ಷಕರದೇ ಅರ್ಹತೆ ಮತ್ತು ಸಂಬಳ ಇರುವ ಕಡೆಗಳಲ್ಲಿ ಅವರು ಹೆಚ್ಚು ಕಾಲ ನಿಲ್ಲುತ್ತಾರೆ. ಅಮೆರಿಕದ ಓಕ್ಲಹೋಮ ರಾಜ್ಯ 1998ರಲ್ಲಿ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ತೆರೆದ ಇಂಥ ವ್ಯವಸ್ಥೆಯಲ್ಲಿ ಶಿಕ್ಷಕರಿಗೆ ಪದವಿ ಕಡ್ಡಾಯ, ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು. ಅಲ್ಲಿನ ಟಲ್ಸಾ ನಗರದ ಮಕ್ಕಳಲ್ಲಿ ಕಲಿಕೆಯ ಸ್ಪಷ್ಟ ಸುಧಾರಣೆ ಕಂಡುಬಂತು.

ಆದರೆ ಶಾಲೆಯ ಗಾಳಿ ಕೆಳಕ್ಕೂ ಬೀಸುತ್ತದೆ. ಒಂದನೇ ತರಗತಿಯ ನಿರೀಕ್ಷೆಗಳು ನಾಲ್ಕು ವರ್ಷದವರ ಕೊಠಡಿಗೆ ಇಳಿದುಬಂದು, ಸಾಲಾಗಿ ನಿಲ್ಲುವುದು, ಕೈಕಟ್ಟಿ ಕೂರುವುದು, ಅಕ್ಷರ ತಿದ್ದುವ ಹಾಳೆ ಇವೇ ದಿನವನ್ನು ತುಂಬಬಹುದು. ದೊಡ್ಡ ಮಕ್ಕಳ ಅಳತೆಗೆ ಕಟ್ಟಿದ ಆವರಣದಲ್ಲಿ ಶೌಚಾಲಯ ದೂರವಿರುತ್ತದೆ, ಊಟದ ಕೋಣೆಯ ಗದ್ದಲ ಹೆಚ್ಚು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲಿನಲ್ಲಿ ನಡೆಯುವುದರಲ್ಲೇ ಹೊತ್ತು ಕಳೆಯುತ್ತದೆ. ಅಮೆರಿಕದ ಟೆನೆಸ್ಸೀ ರಾಜ್ಯದ ಸರ್ಕಾರಿ ಪೂರ್ವ ಪ್ರಾಥಮಿಕ ತರಗತಿಗಳ ಬಗ್ಗೆ 2022ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ಕೆಯಾಗಿ ಸೇರಿದ ಮಕ್ಕಳು, ಆರನೇ ತರಗತಿಗೆ ಬರುವ ಹೊತ್ತಿಗೆ, ಸೀಟು ಸಿಗದೆ ಉಳಿದವರಿಗಿಂತ ಪರೀಕ್ಷೆಗಳಲ್ಲಿ ಹಿಂದಿದ್ದರು, ಶಿಸ್ತಿನ ದೂರುಗಳೂ ಅವರ ಮೇಲೆ ಹೆಚ್ಚಿದ್ದವು. ಓಕ್ಲಹೋಮದ್ದೂ ಟೆನೆಸ್ಸೀಯದ್ದೂ ಸರ್ಕಾರಿ ವ್ಯವಸ್ಥೆಗಳೇ. ಆದ್ದರಿಂದ ಶಾಲೆಯ ಹೆಸರನ್ನು ನೋಡಿ ಸೇರಿಸುವುದು ಅಪಾಯಕಾರಿ ಎನ್ನುತ್ತೇನೆ. ಗಲಾಟೆಗೆ ಹೆದರದ, ನಾಲ್ಕು ದಾಟಿದ, ಒಡಹುಟ್ಟಿದವರು ಅಲ್ಲೇ ಇರುವ ಮಗುವಿಗೆ ಈ ಆಯ್ಕೆ ಹೊಂದುತ್ತದೆ. ಈಗಷ್ಟೇ ಮೂರು ತುಂಬಿದ ಮಗುವಿಗಾದರೆ ಒಮ್ಮೆ ಅಲ್ಲ, ಎರಡು ಸಲ ಹೋಗಿ ನೋಡಿ.

ಪ್ರತ್ಯೇಕ ಕೇಂದ್ರದಲ್ಲಿ ಎಲ್ಲವೂ ಪುಟ್ಟ ಮಕ್ಕಳ ಅಳತೆಯದು: ಬೇಸಿನ್ನು, ಮೆಟ್ಟಿಲು, ಅಂಗಳ, ದಿನದ ಲಯ. ಮುಖ್ಯಸ್ಥೆಯೂ ಈ ವಯಸ್ಸಿನ ಮಕ್ಕಳನ್ನು ಬಲ್ಲವರೇ ಆಗಿರುತ್ತಾರೆ. ಹತ್ತು ವರ್ಷದವರ ಪರೀಕ್ಷೆಯ ಚಿಂತೆ ಅವರ ಮೇಜಿನ ಮೇಲೆ ಇರುವುದಿಲ್ಲ. ನಾನು ಮೇಲೆ ಹೇಳಿದ ಇಂಗ್ಲೆಂಡಿನ ಅಧ್ಯಯನದಲ್ಲಿ ಗುಣಮಟ್ಟದ ಅಂಕಗಳಲ್ಲಿ ಮೇಲಿದ್ದವು, ಸರ್ಕಾರಿ ನರ್ಸರಿ ಶಾಲೆಗಳು ಮತ್ತು ಪಾಲನೆಯನ್ನೂ ಶಿಕ್ಷಣವನ್ನೂ ಒಂದೇ ಸೂರಿನಡಿ ನಡೆಸುವ ಕೇಂದ್ರಗಳು. ಇಟಲಿಯ ರೆಜ್ಜೋ ಎಮಿಲಿಯ ಎಂಬ ನಗರದ ಆಡಳಿತ 1963ರಲ್ಲಿ ತೆರೆದ ಶಿಶುವಿಹಾರ ಮತ್ತು ಅದರ ಬೆನ್ನಿಗೆ ಬೆಳೆದ ಪುರಸಭೆಯ ಶಿಶುವಿಹಾರಗಳನ್ನು ನೋಡಲು ಇಂದಿಗೂ ಜಗತ್ತಿನ ಎಲ್ಲೆಡೆಯಿಂದ ಶಿಕ್ಷಕರು ಹೋಗುತ್ತಾರೆ. ಮಕ್ಕಳ ಪ್ರಶ್ನೆಯೊಂದನ್ನೇ ವಾರಗಟ್ಟಲೆ ಬೆಳೆಸುವ ಕ್ರಮ, ಒಂದು ತರಗತಿಗೆ ಇಬ್ಬರು ಸಮಾನ ಶಿಕ್ಷಕರು, ಮಕ್ಕಳು ಹೇಳಿದ್ದನ್ನು ಮಾಡಿದ್ದನ್ನು ಬರೆದಿಡುವ ಅಭ್ಯಾಸ ಇವೆಲ್ಲ ಅಲ್ಲಿ ಬೆಳೆದದ್ದು ತೆರಿಗೆಯ ಹಣದಲ್ಲಿ.

ಇದರ ಕೊರತೆಗಳು ಬೇರೆ ಬಗೆಯವು. ಐದೋ ಆರೋ ವರ್ಷಕ್ಕೆ ಮಗು ಇಲ್ಲಿಂದ ಹೊರಟು ಹೊಸ ಶಾಲೆಗೆ ಒಗ್ಗಿಕೊಳ್ಳಬೇಕು. ಇಲ್ಲಿ ಸೇರಿದ ಮಾತ್ರಕ್ಕೆ ನಿಮಗೆ ಬೇಕಾದ ಪ್ರಾಥಮಿಕ ಶಾಲೆಯಲ್ಲಿ ಆದ್ಯತೆ ಸಿಗುವುದಿಲ್ಲ. ಇದನ್ನು ತಪ್ಪು ತಿಳಿದುಕೊಂಡು ಆಮೇಲೆ ಪರಿತಪಿಸುವವರು ಅನೇಕರಿದ್ದಾರೆ. ಒಡಹುಟ್ಟಿದವರು ಬೇರೆ ಶಾಲೆಯಲ್ಲಿದ್ದರೆ ಬೆಳಗ್ಗೆ ಎರಡು ಕಡೆ ಓಡಬೇಕು. ಸಣ್ಣ ಕೇಂದ್ರದಲ್ಲಿ ಒಬ್ಬ ಶಿಕ್ಷಕಿ ದೀರ್ಘ ರಜೆಯ ಮೇಲೆ ಹೋದರೆ ಇಡೀ ಕೇಂದ್ರ ಅಲುಗಾಡುತ್ತದೆ. ಹಾಗಿದ್ದರೂ, ಮೊದಲ ಸಲ ಮನೆಯಿಂದ ಹೊರಹೋಗುವ ಮೂರು ವರ್ಷದ ಮಗುವಿಗೆ, ಮೆಲ್ಲಗೆ ಬೆರೆಯುವ ಮಗುವಿಗೆ, ಬೇರೆಲ್ಲ ಸಮವಾಗಿದ್ದರೆ, ನನ್ನ ಮತ ಈ ಬಗೆಯ ಕೇಂದ್ರಕ್ಕೆ.

ಸಮಗ್ರ ಕಾರ್ಯಕ್ರಮಗಳ ಹಿಂದಿನ ವಿಚಾರ ಸರಳವಾದದ್ದು: ಹಸಿದ, ಕಿವಿ ಸರಿಯಾಗಿ ಕೇಳಿಸದ, ಲಸಿಕೆ ಆಗದ ಮಗುವಿಗೆ ಕಲಿಕೆ ಒಂದನ್ನೇ ಕೊಟ್ಟು ಪ್ರಯೋಜನವಿಲ್ಲ. ಅಮೆರಿಕದಲ್ಲಿ 1965ರ ಬೇಸಿಗೆಯಲ್ಲಿ ಆರಂಭವಾದ ಹೆಡ್ ಸ್ಟಾರ್ಟ್, ಭಾರತದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಈ ವಿಚಾರದ ಮೇಲೆಯೇ ನಿಂತಿವೆ. ಇಂಥ ಕಡೆ ಊಟ, ತೂಕ ಮತ್ತು ಬೆಳವಣಿಗೆಯ ತಪಾಸಣೆ, ತಾಯಿತಂದೆಗೆ ಸಲಹೆ ಇವೆಲ್ಲ ಒಂದೇ ಬಾಗಿಲಲ್ಲಿ ಸಿಗುತ್ತವೆ. ಆದಾಯದ ಮಿತಿ ಇರುವ ಕಾರ್ಯಕ್ರಮವಾದರೆ ಅರ್ಹತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅರ್ಹತೆಯಿದ್ದೂ "ಅದು ಬಡವರಿಗೆ" ಎಂಬ ಸಂಕೋಚದಿಂದ ಬಿಡುವವರಿದ್ದಾರೆ, ಅದು ಮಗುವಿಗೆ ಆಗುವ ನಷ್ಟ. ಇಲ್ಲಿ ಎಚ್ಚರದಿಂದ ನೋಡಬೇಕಾದದ್ದು, ದಾಖಲೆ ಬರೆಯುವುದು, ಊಟ ಬಡಿಸುವುದು, ತಪಾಸಣೆ ಇವುಗಳ ನಡುವೆ ಶಿಕ್ಷಕಿಗೆ ಮಕ್ಕಳೊಡನೆ ಕೂರಲು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು.

ನಾಲ್ಕನೆಯ ಬಗೆಯನ್ನು ತಮ್ಮ ಮಗುವಿಗೆ ತೊಂದರೆ ಇಲ್ಲದ ಪೋಷಕರು ಪಟ್ಟಿಯಿಂದಲೇ ತೆಗೆದುಬಿಡುತ್ತಾರೆ. ಅದು ಅವಸರದ ತೀರ್ಮಾನ. ವಿಶೇಷ ಅಗತ್ಯವುಳ್ಳ ಮಕ್ಕಳು ಇರುವ ತರಗತಿಯಲ್ಲಿ ಸಾಮಾನ್ಯವಾಗಿ ಮಕ್ಕಳು ಕಡಿಮೆ, ದೊಡ್ಡವರು ಹೆಚ್ಚು. ಮಾತಿನ ಚಿಕಿತ್ಸಕರು, ಕೈಕಾಲಿನ ಚಲನೆಗೆ ಚಿಕಿತ್ಸೆ ಕೊಡುವ ತಜ್ಞರು ಕೊಠಡಿಯೊಳಗೇ ಬರುತ್ತಾರೆ. ಚಿತ್ರಗಳ ವೇಳಾಪಟ್ಟಿ, ಮುಂದೇನು ಎಂದು ಮೊದಲೇ ತಿಳಿಸುವ ಅಭ್ಯಾಸ, ಸಿಟ್ಟು ಬಂದಾಗ ಹೋಗಿ ಕೂರುವ ಮೂಲೆ ಇಂಥವು ಎಲ್ಲ ಮಕ್ಕಳಿಗೂ ಒಳ್ಳೆಯವು. ಇತರ ಮಕ್ಕಳಿಗೆ ಸೀಟು ಕೆಲವೇ ಇರುತ್ತವೆ, ಹಲವು ಕಡೆ ತರಗತಿ ಅರ್ಧ ದಿನದ್ದು ಮಾತ್ರ. ಇವು ಇದರ ಮಿತಿಗಳು. ನಿಮ್ಮ ಮಗುವಿಗೇ ಮಾತು ತಡವಾಗಿದ್ದರೆ ಅಥವಾ ಬೆಳವಣಿಗೆಯ ಬಗ್ಗೆ ಅನುಮಾನವಿದ್ದರೆ, ಮೊದಲು ಮೌಲ್ಯಮಾಪನಕ್ಕೆ ಅರ್ಜಿ ಹಾಕಿ, ಶಿಶುವಿಹಾರದ ಆಯ್ಕೆ ಅದರ ನಂತರ. ಅಮೆರಿಕದಂಥ ಕಡೆ 1986ರ ಕಾನೂನು ತಿದ್ದುಪಡಿಯ ನಂತರ ಮೂರರಿಂದ ಐದು ವರ್ಷದ ಅಂಥ ಮಕ್ಕಳಿಗೆ ಉಚಿತ ಶಿಕ್ಷಣ ಒಂದು ಹಕ್ಕು. ಅಲ್ಲಿ ಲಾಟರಿ, ಕಾಯುವ ಪಟ್ಟಿ ಇವುಗಳಿಗೆ ಅಂಥ ಮಗು ಕಾಯಬೇಕಾಗಿಲ್ಲ.

ಮೂರರಿಂದ ಆರು ವರ್ಷದವರನ್ನು ಒಟ್ಟಿಗೆ ಕೂರಿಸುವ ತರಗತಿಗಳೂ ಕೆಲವೆಡೆ ಇವೆ. ಮಾರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮ್‌ನಲ್ಲಿ ಆರಂಭಿಸಿದ ಪದ್ಧತಿಯ ಗುರುತು ಅದು. ಒಬ್ಬನೇ ಮಗನೋ ಒಬ್ಬಳೇ ಮಗಳೋ ಇರುವ ಮನೆಗೆ ಅದು ಒಳ್ಳೆಯದು. ಪದ್ಧತಿಯ ಹೆಸರನ್ನು ಬಾಗಿಲ ಮೇಲೆ ಬರೆದ ಮಾತ್ರಕ್ಕೆ ತರಬೇತಾದ ಶಿಕ್ಷಕರು ಒಳಗಿದ್ದಾರೆ ಎಂದು ಮಾತ್ರ ಭಾವಿಸಬೇಡಿ.

ಅರ್ಧ ದಿನವೋ ಇಡೀ ದಿನವೋ

ಪೋಷಕರಲ್ಲಿ ಅತಿ ಹೆಚ್ಚು ಅಪರಾಧಭಾವ ಹುಟ್ಟಿಸುವ ಪ್ರಶ್ನೆ ಇದೇ. ಇಡೀ ದಿನ ಬಿಟ್ಟರೆ ಮಗುವಿಗೆ ಅನ್ಯಾಯವೆಂದು ಕೆಲವರಿಗೆ ಅನ್ನಿಸುತ್ತದೆ. ಅರ್ಧ ದಿನ ಕಳಿಸಿದರೆ ಮಗು ಹಿಂದೆ ಬೀಳುತ್ತದೆಂದು ಇನ್ನು ಕೆಲವರಿಗೆ. ಇಂಗ್ಲೆಂಡಿನ ಅದೇ ಅಧ್ಯಯನ ಇಲ್ಲಿ ನೆಮ್ಮದಿ ತರುವಂತಿದೆ. ಮಗು ಒಟ್ಟು ಎಷ್ಟು ತಿಂಗಳು ಶಿಶುವಿಹಾರಕ್ಕೆ ಹೋಯಿತು ಎಂಬುದು ಕಲಿಕೆಯಲ್ಲಿ ವ್ಯತ್ಯಾಸ ತೋರಿಸಿತು. ಆದರೆ ದಿನಕ್ಕೆ ಅರ್ಧ ಹೊತ್ತು ಹೋದವರಿಗಿಂತ ಇಡೀ ಹೊತ್ತು ಹೋದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಶಿಶುವಿಹಾರದ ಪ್ರಯೋಗವಂತೂ ಅರ್ಧ ದಿನದ್ದೇ. ಬಡ ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಯನ್ನು ಸೇರಿಸಿಕೊಂಡು, ವಾರದ ಐದು ಬೆಳಗು ಎರಡೂವರೆ ಗಂಟೆ ತರಗತಿ ನಡೆಸಿ, ವಾರಕ್ಕೊಮ್ಮೆ ಶಿಕ್ಷಕರು ಮಗುವಿನ ಮನೆಗೇ ಹೋಗಿ ಒಂದೂವರೆ ಗಂಟೆ ಇರುತ್ತಿದ್ದರು. ನಲವತ್ತು ವರ್ಷ ವಯಸ್ಸಿನಲ್ಲೂ ಆ ಗುಂಪಿನವರ ಗಳಿಕೆ ಹೆಚ್ಚಾಗಿತ್ತು, ಬಂಧನಗಳು ಕಡಿಮೆಯಾಗಿದ್ದವು. ಅಲ್ಲಿ ಸುಮಾರು ಆರು ಮಕ್ಕಳಿಗೆ ಒಬ್ಬ ಶಿಕ್ಷಕರಿದ್ದರು ಎಂಬುದನ್ನೂ ಮರೆಯಬಾರದು. ಗಂಟೆಗಳು ಕಡಿಮೆಯಿದ್ದರೂ ಗಮನ ದಟ್ಟವಾಗಿತ್ತು.

ಆದ್ದರಿಂದ ಈ ಆಯ್ಕೆಯನ್ನು ಮಗುವಿನ ಭವಿಷ್ಯದ ಹೆಸರಿನಲ್ಲಿ ಮಾಡದೆ, ಮನೆಯ ವ್ಯವಸ್ಥೆಯ ಮೇಲೆ ಮಾಡಿ. ಮಿಕ್ಕ ಅರ್ಧ ದಿನ ಮಗುವನ್ನು ಪ್ರೀತಿಯಿಂದ ನೋಡಿಕೊಳ್ಳುವವರು ಮನೆಯಲ್ಲಿದ್ದರೆ ಅರ್ಧ ದಿನ ಸಾಕು. ಇಲ್ಲವಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಒಬ್ಬ ಪಾಲಕರಿಂದ ಇನ್ನೊಬ್ಬರಿಗೆ ದಿನವೂ ಮಗುವನ್ನು ವರ್ಗಾಯಿಸುವುದಕ್ಕಿಂತ ಒಂದೇ ಕಡೆ ಇಡೀ ದಿನ ಇರುವುದು ಮಗುವಿಗೂ ಹಗುರ. ಇಡೀ ದಿನದ್ದನ್ನು ಆರಿಸಿದರೆ ಮಧ್ಯಾಹ್ನದ ಹೊತ್ತನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಮಲಗುವ ಮಗುವಿಗೆ ಚಾಪೆ ಇದೆಯೇ, ಮಲಗದ ಮಗುವನ್ನು ಎರಡು ಗಂಟೆ ಕತ್ತಲೆಯಲ್ಲಿ ಸುಮ್ಮನೆ ಮಲಗಿಸುತ್ತಾರೆಯೇ? ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಮೈಯಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎಂಟು ಗಂಟೆ ಇರುವ ಕಡೆ ಅಂಗಳಕ್ಕೆ ಬಿಡುವುದು ಅರ್ಧ ಗಂಟೆ ಮಾತ್ರವಾದರೆ ಅದು ಕೊರತೆ. ಬೆಳಗಿನ ಶಿಕ್ಷಕಿಯೇ ಮಧ್ಯಾಹ್ನವೂ ಇರುತ್ತಾರೆಯೇ ಎಂಬುದು ಮೂರನೆಯ ಪ್ರಶ್ನೆ, ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು.

ಹೋಗಿ ನೋಡುವ ಕ್ರಮ

ಪೋಷಕರಿಗೆಂದೇ ಏರ್ಪಡಿಸುವ ದಿನ ಕೊಠಡಿ ತೊಳೆದಿಟ್ಟಂತಿರುತ್ತದೆ. ಸಾಧ್ಯವಾದರೆ ಬೇರೆ ಸಾಮಾನ್ಯ ದಿನವೊಂದನ್ನು ಕೇಳಿ. ಹಾಡು ಹೇಳಿಕೊಡುವ ಹೊತ್ತಿನಲ್ಲಿ ಎಲ್ಲ ಶಿಕ್ಷಕರೂ ಚೆನ್ನಾಗಿಯೇ ಕಾಣುತ್ತಾರೆ. ಕೈ ತೊಳೆಸುವ, ಚಪ್ಪಲಿ ಹಾಕಿಸುವ, ಊಟಕ್ಕೆ ಕೂರಿಸುವ ಹೊತ್ತಿಗೆ ಹೋಗಿ ಕುಳಿತರೆ ನಿಜ ತಿಳಿಯುತ್ತದೆ, ಏಕೆಂದರೆ ಪುಟ್ಟ ಮಕ್ಕಳ ದಿನದ ಬಹುಪಾಲು ಇಂಥ ಕೆಲಸಗಳಲ್ಲೇ ಕಳೆಯುತ್ತದೆ. ಆಗ ಶಿಕ್ಷಕಿ ಹೆಸರು ಹಿಡಿದು ಮಾತಾಡುತ್ತಾರೋ, ಗುಂಪಿಗೆ ಆಜ್ಞೆ ಮಾಡುತ್ತಾರೋ? ನೀರು ಚೆಲ್ಲಿದ ಮಗುವಿಗೆ ಬಟ್ಟೆ ಕೊಟ್ಟು ಒರೆಸಲು ಕಲಿಸುತ್ತಾರೋ, ಗದರುತ್ತಾರೋ?

ನಾನು ಎಲ್ಲರಿಗೂ ಹೇಳುವ ಒಂದು ಉಪಾಯವಿದೆ. ಕೊಠಡಿಯಲ್ಲಿ ಎಲ್ಲರಿಗಿಂತ ಮೌನವಾಗಿರುವ ಒಂದು ಮಗುವನ್ನು ಗುರುತಿಸಿ, ಹತ್ತು ನಿಮಿಷ ಆ ಮಗುವನ್ನು ಮಾತ್ರ ನೋಡಿ. ಚುರುಕಾದ ಮಕ್ಕಳು ಎಲ್ಲಿದ್ದರೂ ಗಮನ ಸೆಳೆದುಕೊಳ್ಳುತ್ತಾರೆ. ಆ ಮೌನಿಯ ಬಳಿಗೆ ಹತ್ತು ನಿಮಿಷದಲ್ಲಿ ಯಾರಾದರೂ ಬಂದು, ಮಂಡಿಯೂರಿ, ಅದರ ಕೈಯಲ್ಲಿರುವುದರ ಬಗ್ಗೆ ಒಂದು ಮಾತು ಕೇಳಿದರೆ ಆ ಕೊಠಡಿಯನ್ನು ನಿಮ್ಮ ಪಟ್ಟಿಯಲ್ಲಿ ಮೇಲಿಡಿ. ಮಕ್ಕಳ ಚಿತ್ರಗಳನ್ನೂ ನೋಡಿ: ಇಪ್ಪತ್ತು ಮಕ್ಕಳ ಇಪ್ಪತ್ತು ಚಿಟ್ಟೆಗಳು ಒಂದೇ ಥರ ಇದ್ದರೆ ಅವುಗಳನ್ನು ಕತ್ತರಿಸಿದ್ದು ದೊಡ್ಡವರು.

ಮನೆಮಾತು ಬೇರೆಯಾಗಿರುವ ಮಕ್ಕಳ ಪೋಷಕರು ಇನ್ನೊಂದನ್ನು ಕೇಳಬೇಕು: ಮಗು ತನ್ನ ಭಾಷೆಯಲ್ಲಿ ಏನಾದರೂ ಹೇಳಿದಾಗ ಶಿಕ್ಷಕಿ ಏನು ಮಾಡುತ್ತಾರೆ? ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ ಎಂದು ಸಲಹೆ ಕೊಡುವ ಕಡೆಗಿಂತ, ಮಗುವಿನ ಭಾಷೆಯ ನಾಲ್ಕು ಪದಗಳನ್ನು ನಿಮ್ಮಿಂದ ಕೇಳಿ ಬರೆದುಕೊಳ್ಳುವ ಶಿಕ್ಷಕಿ ಇರುವ ಕಡೆಯೇ ಮಗುವಿನ ಎರಡೂ ಭಾಷೆಗಳಿಗೆ ಒಳ್ಳೆಯದು.

ಬೇರೆಬೇರೆ ಮನೆಗಳಿಗೆ

ಇಬ್ಬರೂ ದೂರದ ನಗರಕ್ಕೆ ಕೆಲಸಕ್ಕೆ ಹೋಗುವ, ಹತ್ತಿರದಲ್ಲಿ ಬಂಧುಗಳಿಲ್ಲದ ಮನೆಗೆ, ವರ್ಷವಿಡೀ ತೆರೆದಿರುವ ಪಾಲನೆ ಮತ್ತು ಶಿಕ್ಷಣದ ಕೇಂದ್ರ, ಸ್ವಲ್ಪ ಶುಲ್ಕವಿದ್ದರೂ, ಉಚಿತವಾದ ಶಾಲಾ ತರಗತಿಗಿಂತ ಮೇಲು. ಹಣದ ಬಿಗಿ ಇದ್ದು ಮನೆಯಲ್ಲಿ ಅಜ್ಜಿ ತಾತ ಇರುವವರಿಗೆ ಉಚಿತ ಅರ್ಧ ದಿನದ ತರಗತಿ ಸಾಕು. ಉಳಿದ ಹಣ ಮನೆಗೆ, ಉಳಿದ ಹೊತ್ತು ಅಜ್ಜಿಯ ಮಾತಿಗೆ. ಆದಾಯ ತೀರ ಕಡಿಮೆಯಿದ್ದರೆ ಸಮಗ್ರ ಕಾರ್ಯಕ್ರಮಕ್ಕೆ ಮೊದಲ ಅರ್ಜಿ ಹೋಗಲಿ. ಎರಡು ವರ್ಷದೊಳಗೆ ಮನೆ ಬದಲಿಸುವ ಯೋಚನೆ ಇರುವವರು ಶಾಲೆಯೊಳಗಿನ ತರಗತಿಯ ಮುಂದಿನ ದಾರಿಗೆ ಬೆಲೆ ಕೊಡಬೇಕಾಗಿಲ್ಲ, ಏಕೆಂದರೆ ಆ ದಾರಿಯಲ್ಲಿ ಅವರು ನಡೆಯುವುದೇ ಇಲ್ಲ. ತರಗತಿಯ ಅತಿ ಕಿರಿಯ ಮಗುವಾಗಲಿರುವವರಿಗೆ, ನಿಯಮ ಒಪ್ಪುವುದಾದರೆ, ಆಟವೇ ಮುಖ್ಯವಾದ ಕೇಂದ್ರದಲ್ಲಿ ಒಂದು ವರ್ಷ ಹೆಚ್ಚು ಇರಿಸುವುದನ್ನು ಯೋಚಿಸಿ. ಫಿನ್ಲೆಂಡಿನಲ್ಲಿ ಶಾಲೆ ಶುರುವಾಗುವುದೇ ಏಳನೇ ವರ್ಷಕ್ಕೆ.

ಲಾಟರಿ, ಕಾಯುವ ಪಟ್ಟಿ ಮತ್ತು ಮೊದಲ ವಾರಗಳು

ಒಳ್ಳೆಯ ಸರ್ಕಾರಿ ಶಿಶುವಿಹಾರಗಳಲ್ಲಿ ಸೀಟಿಗಿಂತ ಅರ್ಜಿಗಳು ಹೆಚ್ಚಿರುವುದರಿಂದ ಹಲವು ಕಡೆ ಲಾಟರಿ ನಡೆಯುತ್ತದೆ. ಅರ್ಜಿಯಲ್ಲಿ ಆದ್ಯತೆಯ ಕ್ರಮ ಬರೆಯುವ ಮೊದಲು ಸೀಟು ಹಂಚುವ ನಿಯಮವನ್ನು ಓದಿ. ಒಡಹುಟ್ಟಿದವರಿಗೆ, ಹತ್ತಿರದ ನಿವಾಸಿಗಳಿಗೆ ಮೊದಲ ಹಕ್ಕು ಇರುವ ಕಡೆ ನಿಮ್ಮ ಸಾಧ್ಯತೆ ಎಷ್ಟೆಂದು ಅದರಿಂದಲೇ ತಿಳಿಯುತ್ತದೆ. ಲಾಟರಿಯಲ್ಲಿ ಸೋತರೆ ಮಗುವಿನ ಬಾಳೇ ಹಾಳಾಯಿತೆಂದು ಕುಗ್ಗಬೇಡಿ. ಗೆದ್ದವರೂ ಮುಂದಿನ ವರ್ಷದ ಅಂಕಗಳಲ್ಲಿ ಫಲ ಹುಡುಕಬೇಡಿ. ಬಾಸ್ಟನ್ ನಗರದ ಸರ್ಕಾರಿ ಶಿಶುವಿಹಾರಗಳಿಗೆ 1997ರಿಂದ 2003ರವರೆಗೆ ಲಾಟರಿಯ ಮೂಲಕ ಅರ್ಜಿ ಹಾಕಿದ 4,000ಕ್ಕೂ ಹೆಚ್ಚು ಮಕ್ಕಳನ್ನು ಮುಂದೆ ಗಮನಿಸಿದಾಗ, ಸೀಟು ಸಿಕ್ಕವರಿಗೂ ಸಿಗದವರಿಗೂ ಪರೀಕ್ಷೆಯ ಅಂಕಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಸೀಟು ಸಿಕ್ಕವರಲ್ಲಿ ಶಿಸ್ತಿನ ತೊಂದರೆ ಕಡಿಮೆಯಿತ್ತು, ಕಾಲೇಜಿಗೆ ಹೋದವರು ಹೆಚ್ಚಿದ್ದರು. ಶಿಶುವಿಹಾರ ಕೊಡುವುದರ ಬಹುಪಾಲು ಅಂಕಪಟ್ಟಿಯಲ್ಲಿ ಕಾಣದಂಥದ್ದು.

ಎರಡನೆಯ ಆಯ್ಕೆ ಸಿಕ್ಕಿ, ಮೊದಲನೆಯದರ ಕಾಯುವ ಪಟ್ಟಿಯಲ್ಲಿ ಹೆಸರು ಉಳಿದರೆ, ಸಿಕ್ಕಿದ್ದನ್ನು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಪಟ್ಟಿಯಿಂದ ಹೆಸರು ಹೋಗುತ್ತದೆಯೇ ಎಂದು ಮಾತ್ರ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಮೊದಲ ವಾರಗಳ ಅಳುವನ್ನು ಕಂಡು ಆಯ್ಕೆ ತಪ್ಪಾಯಿತೆಂದು ನಿರ್ಧರಿಸಬೇಡಿ: ನೀವು ಹೊರಟ ಹತ್ತು ನಿಮಿಷಕ್ಕೆ ಅಳು ನಿಂತು ಮಗು ಆಟದಲ್ಲಿ ತೊಡಗಿದರೆ ಅದು ಸಹಜವಾದ ಅಗಲಿಕೆಯ ನೋವು. ಆರೇಳು ವಾರ ಕಳೆದರೂ ಅಲ್ಲಿ ಊಟ ಮುಟ್ಟದಿದ್ದರೆ, ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಅಲ್ಲಿ ಬಾಯೇ ಬಿಡದಿದ್ದರೆ, ಇಂದು ಏನು ಮಾಡಿತು ಎಂದು ಕೇಳಿದಾಗ ಶಿಕ್ಷಕಿಗೆ ನಿಮ್ಮ ಮಗುವಿನ ಬಗ್ಗೆ ಹೇಳಲು ಒಂದು ಮಾತೂ ಇಲ್ಲದಿದ್ದರೆ, ಬದಲಾವಣೆಯ ಯೋಚನೆ ನ್ಯಾಯವಾದದ್ದು. ಮಗು ಶಿಕ್ಷಕಿಯನ್ನು ಹಚ್ಚಿಕೊಂಡಿರುವಾಗ ವರ್ಷದ ನಡುವೆ ಮೊದಲ ಆಯ್ಕೆಯಲ್ಲಿ ಸೀಟು ತೆರೆದರೆ, ದೂರವೋ ಹಣವೋ ನಿಜವಾಗಿ ಕಾಡುತ್ತಿಲ್ಲದಿದ್ದಲ್ಲಿ, ನಾನು ಕದಲಿಸುವುದಿಲ್ಲ. ಬದಲಿಸಲೇಬೇಕಾದರೆ, ಹೊಸ ಕೊಠಡಿಯಲ್ಲಿ ಎರಡು ಮೂರು ದಿನ ಮಗುವಿನ ಜೊತೆಗೆ ನೀವೂ ಕುಳಿತಿರಲು ಬಿಡುತ್ತಾರೆಯೇ ಎಂದು ದಾಖಲಾತಿಯ ಹಾಳೆಗೆ ಸಹಿ ಹಾಕುವ ಮುನ್ನವೇ ಕೇಳಿಕೊಳ್ಳಿ.